ಮೂರು ದಿನದ ಪಥ್ಯ

ಕಳೆದ ರಾಜ್ಯೋತ್ಸವದ ದಿನ ನಮ್ಮ ಸಭಾಗೃಹದ ಬಾಗಿಲಲ್ಲಿ ಎರಡು ಮೇಜು ಹಾಕಿದ್ದರು. ಎಡಗಡೆಯ ಮೇಜಿನಲ್ಲಿ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುವ ಉಚಿತ ತಪಾಸಣೆ. ಬಲಗಡೆಯದರಲ್ಲಿ ಬಿಸಿಬಿಸಿ ಶಿರಾ. ಬಂದವರಲ್ಲಿ ಹೆಚ್ಚಿನವರು ಮೊದಲು ಬಲಕ್ಕೆ ಹೋಗಿ ಆಮೇಲೆ ಎಡಕ್ಕೆ ಬಂದರು. ಯಂತ್ರ 240 ಎಂದು ತೋರಿಸಿದವರು "ಈಗಷ್ಟ ಶಿರಾ ತಿಂದೇನ್ರಿ, ಅದಕ್ಕ ಹಂಗ ಬಂದದ" ಎಂದು ನಕ್ಕು ಹೋದರು. 110 ಬಂದವರು "ನನಗೇನೂ ಇಲ್ಲ ಬಿಡ್ರಿ" ಎನ್ನುತ್ತ ಇನ್ನೊಂದು ಸಲ ಬಲಗಡೆಗೆ ನಡೆದರು. ವಾರ್ಷಿಕ ವರದಿಯಲ್ಲಿ "ಅನೇಕರು ಶಿಬಿರದ ಪ್ರಯೋಜನ ಪಡೆದರು" ಎಂದು ಅಚ್ಚಾಯಿತು. ಯಾವ ಪ್ರಯೋಜನ, ಎಷ್ಟು ಜನರಿಗೆ, ಮುಂದೇನಾಯಿತು ಎಂದು ಯಾರೂ ಕೇಳಲಿಲ್ಲ. ನಾವು ಈಗ ಕೇಳುತ್ತಿದ್ದೇವೆ.

ನಮ್ಮ ತಕರಾರು ಶಿರಾದ ಮೇಲಲ್ಲ. ಸಕ್ಕರೆ ಕಾಯಿಲೆಯನ್ನು ನಾವು ಪರೀಕ್ಷೆಯ ದಿನದ ಕಾಯಿಲೆಯನ್ನಾಗಿ ಮಾಡಿಕೊಂಡಿದ್ದೇವೆ, ತಕರಾರು ಅದರ ಮೇಲೆ. ಸರಕಾರಿ ಕಚೇರಿಯಲ್ಲಿ ದುಡಿಯುವ ನಮಗೆ ಈ ಚಾಳಿ ಚೆನ್ನಾಗಿ ಪರಿಚಿತ. ವರ್ಷವೆಲ್ಲ ಧೂಳು ತಿಂದ ಫೈಲುಗಳಿಗೆ ಆಡಿಟ್ ಬರುವ ವಾರ ಹೊಸ ದಾರ, ಹೊಸ ರಟ್ಟು! ಮೈಗೂ ನಾವು ಅದನ್ನೇ ಮಾಡುತ್ತೇವೆ. ಸೋಮವಾರ ಡಾಕ್ಟರರ ಬಳಿ ಹೋಗಬೇಕು. ಶುಕ್ರವಾರದಿಂದ ಅನ್ನ ಬಂದ್, ಚಹಾಕ್ಕೆ ಸಕ್ಕರೆ ಬಂದ್, ಬೆಳಿಗ್ಗೆ ಮೆಂತ್ಯದ ನೀರು, ಸಂಜೆ ವೇತಾಳ ಟೇಕಡಿಯವರೆಗೆ ದೌಡು. ಬರಿಹೊಟ್ಟೆಯ ಸಕ್ಕರೆ 118 ಬರುತ್ತದೆ, ಡಾಕ್ಟರು ಬೆನ್ನು ತಟ್ಟುತ್ತಾರೆ. ಹೊರಗೆ ಬಂದವರೇ ಕರ್ವೆ ರಸ್ತೆಯ ಹೋಟೆಲಿನಲ್ಲಿ ಕುಳಿತು ಆ ವಿಜಯವನ್ನು ಆಚರಿಸುತ್ತೇವೆ. ಮುಂದಿನ ಪಥ್ಯ ಮೂರು ತಿಂಗಳಿಗೆ.

ಆದರೆ ರಕ್ತ ನಮಗಿಂತ ಒಳ್ಳೆಯ ಗುಮಾಸ್ತ. ನಮ್ಮ ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟು ದಿನವೂ ಅದರೊಳಗಿನ ಹೀಮೋಗ್ಲೋಬಿನ್ನಿಗೆ ರಕ್ತದಲ್ಲಿದ್ದ ಸಕ್ಕರೆ ಅಂಟುತ್ತಲೇ ಇರುತ್ತದೆ; ಹೆಚ್ಚು ಇದ್ದರೆ ಹೆಚ್ಚು, ಕಡಿಮೆ ಇದ್ದರೆ ಕಡಿಮೆ. ಈ ಅಂಟಿದ ಪಾಲನ್ನು ಶೇಕಡಾ ಲೆಕ್ಕದಲ್ಲಿ ಹೇಳುವುದೇ ಎಚ್‌ಬಿಎ1ಸಿ ಪರೀಕ್ಷೆ. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಅದರಲ್ಲಿ ಬಂದುಬಿಡುತ್ತದೆ. ಗೌರಿ ಹಬ್ಬದ ಹೋಳಿಗೆ, ನೆಂಟರ ಮುಂಜಿವೆಯ ಜಿಲೇಬಿ, ಮರೆತ ಮಾತ್ರೆ ಎಲ್ಲ ಅಲ್ಲಿ ಜಮಾ. ಮೂರು ದಿನದ ಪಥ್ಯಕ್ಕೆ ಅದು ಬಗ್ಗುವುದಿಲ್ಲ. ರಕ್ತಹೀನತೆ ಇದ್ದವರಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ಆಗಬಹುದು, ಅದನ್ನು ಡಾಕ್ಟರು ನೋಡಿಕೊಳ್ಳುತ್ತಾರೆ. ಉಳಿದವರಿಗೆ ಸಾಧಾರಣವಾಗಿ 7ರ ಕೆಳಗೆ ಇರಲಿ ಎನ್ನುತ್ತಾರೆ. ತೀರ ವಯಸ್ಸಾದವರಿಗೆ ಸ್ವಲ್ಪ ಸಡಿಲ.

ಒಂದು ಅಂಕಿ ಅತ್ತಿತ್ತ ಆದರೆ ಆಗುವುದೇನು ಎಂದು ಕೇಳುವವರು ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನವನ್ನು ನೋಡಬೇಕು. 1977ರಿಂದ 1991ರವರೆಗೆ, ಹೊಸದಾಗಿ ಕಾಯಿಲೆ ಕಂಡ 5,102 ಜನರನ್ನು ಅದಕ್ಕೆ ಸೇರಿಸಿಕೊಂಡರು. 1998ರಲ್ಲಿ ಫಲಿತಾಂಶ ಬಂತು. ಬಿಗಿಯಾಗಿ ನೋಡಿಕೊಂಡವರ ಎಚ್‌ಬಿಎ1ಸಿ ಹತ್ತು ವರ್ಷದಲ್ಲಿ ಸರಾಸರಿ 7.0, ಉಳಿದವರದು 7.9. ಅಂತರ ಒಂದಕ್ಕಿಂತ ಕಡಿಮೆ. ಅಷ್ಟಕ್ಕೇ ಕಣ್ಣು, ಮೂತ್ರಪಿಂಡ ಮುಂತಾದೆಡೆಯ ಸಣ್ಣ ರಕ್ತನಾಳಗಳ ತೊಂದರೆ ನೂರಕ್ಕೆ 25ರಷ್ಟು ತಗ್ಗಿತ್ತು. ಅಧ್ಯಯನ ಮುಗಿದ ಒಂದು ವರ್ಷದೊಳಗೆ ಎರಡೂ ಗುಂಪಿನ ಸಕ್ಕರೆ ಒಂದೇ ಮಟ್ಟಕ್ಕೆ ಬಂತಂತೆ. ಆದರೂ ಹತ್ತು ವರ್ಷದ ನಂತರ, 2008ರಲ್ಲಿ ನೋಡಿದಾಗ, ಮೊದಲು ಬಿಗಿಯಾಗಿದ್ದವರ ಲಾಭ ಹಾಗೆಯೇ ಉಳಿದಿತ್ತು! ಮೊದಲ ವರ್ಷಗಳ ಶಿಸ್ತನ್ನು ಮೈ ಮರೆಯುವುದಿಲ್ಲ. ಮೊದಲ ವರ್ಷಗಳ ಉಡಾಫೆಯನ್ನೂ ಮರೆಯುವುದಿಲ್ಲ.

ಇದನ್ನು ಬರೆಯಲು ಕಾರಣರಾದವರು ಸಂಘದ ಹಿರಿಯರೊಬ್ಬರು. ಹೆಸರು ಹೇಳುವುದಿಲ್ಲ, ಹೇಳದೆಯೂ ಕೆಲವರಿಗೆ ತಿಳಿದೀತು. ಅವರ ಮನೆಯಲ್ಲಿ ಒಂದು ನೀಲಿ ಫೈಲು. ಹದಿನೈದು ವರ್ಷದ ಬರಿಹೊಟ್ಟೆಯ ರಿಪೋರ್ಟುಗಳು ತಾರೀಖಿನ ಕ್ರಮದಲ್ಲಿ, ಎಲ್ಲವೂ 120ರ ಆಚೀಚೆ. ನಮಗೆಲ್ಲ ಅವರು ಮಾದರಿ. ಹೋದ ವೈಶಾಖದಲ್ಲಿ ಊರ ಕಡೆಯ ಗುಡಿಯೊಂದರಲ್ಲಿ, ಮಧ್ಯಾಹ್ನ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಹನ್ನೊಂದು ಪ್ರದಕ್ಷಿಣೆ ಹಾಕಿದರು. ಅಂಗಾಲಿನಲ್ಲಿ ಬೊಬ್ಬೆ ಎದ್ದಿದೆ, ಅವರಿಗೆ ಗೊತ್ತಾಗಲಿಲ್ಲ. ನೋವಾಗಿದ್ದರೆ ತಾನೆ ಗೊತ್ತಾಗುವುದು? ವರ್ಷಗಟ್ಟಲೆ ಊಟದ ನಂತರ ಏರಿ ಇಳಿಯುತ್ತಿದ್ದ ಸಕ್ಕರೆ ಕಾಲಿನ ನರಗಳನ್ನು ಎಂದೋ ಮಂದ ಮಾಡಿತ್ತು, ಬರಿಹೊಟ್ಟೆಯ ರಿಪೋರ್ಟಿನಲ್ಲಿ ಅದು ಕಂಡಿರಲಿಲ್ಲ. ಪುಣೆಗೆ ಬಂದು ಎಂಟು ದಿನದ ಮೇಲೆ ಸೊಸೆ "ಮಾವ, ಕಾಲುಚೀಲ ಯಾಕೋ ವಾಸನಿ ಬರ್ತದ" ಎಂದಾಗಲೇ ಅವರು ಅಂಗಾಲು ತಿರುಗಿಸಿ ನೋಡಿದ್ದು. ಎರಡು ಬೆರಳು ತೆಗೆದರು. ಆಸ್ಪತ್ರೆಗೆ ಹೋಗುವಾಗ ನೀಲಿ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದರು. ನೋಡಲು ಹೋದ ನಮಗೂ ತೆರೆದು ತೋರಿಸಿದರು. "ಎಲ್ಲಾ ನಾರ್ಮಲ್ ಅದಾವ ನೋಡ್ರಿ" ಎಂದರು. ನಮಗೆ ಮಾತು ಬರಲಿಲ್ಲ.

ಹದಿನೈದು ವರ್ಷದಲ್ಲಿ ಯಾರೂ ಅವರ ಕಾಲು ಮುಟ್ಟಿ ನೋಡಿರಲಿಲ್ಲ. ನಮಸ್ಕರಿಸಲು ಮುಟ್ಟಿದವರನ್ನು ಬಿಟ್ಟರೆ! ಆ ತಪಾಸಣೆಗೆ ಬೇಕಾದದ್ದು ಒಂದು ನೈಲಾನ್ ಎಳೆ. ಅದನ್ನು ಅಂಗಾಲಿನ ಕೆಲವು ಕಡೆ ಬಾಗುವಷ್ಟು ಒತ್ತಿ, ಕಣ್ಣು ಮುಚ್ಚಿದ ರೋಗಿಗೆ ತಿಳಿಯುತ್ತದೆಯೇ ಎಂದು ಕೇಳುತ್ತಾರೆ. ಐದು ನಿಮಿಷದ ಕೆಲಸ, ವರ್ಷಕ್ಕೊಮ್ಮೆ. ಮನೆಯಲ್ಲಿ ಮಾಡುವುದು ಇನ್ನೂ ಸುಲಭ: ದಿನಾ ರಾತ್ರಿ ಕಾಲು ತೊಳೆದು, ಬೆರಳ ಸಂದು ಒರೆಸಿ, ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡುವುದು. ಬಗ್ಗಲಾಗದವರಿಗೆ ಮೊಮ್ಮಕ್ಕಳು ನೋಡಲಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು, ಜೋಮು ಹಿಡಿದ ಕಾಲಿಗೆ ಬಿಸಿನೀರಿನ ಚೀಲ ಇಡಬಾರದು, ಮನೆಯೊಳಗೂ ಚಪ್ಪಲಿ ಬಿಡಬಾರದು. ಗುಡಿಯಲ್ಲಿ ಬಿಡಲೇಬೇಕಾದರೆ ಕಾಲುಚೀಲವಿರಲಿ, ಬೆಳಗಿನ ಹೊತ್ತಿರಲಿ. ಪಂಢರಪುರಕ್ಕೆ ಬರಿಗಾಲಲ್ಲಿ ವಾರಿ ನಡೆಯುವ ಹರಕೆ ಹೊತ್ತವರು ನಮ್ಮಲ್ಲೂ ಇದ್ದಾರೆ. ಅವರೂ ಹೊರಡುವ ಮೊದಲು ಕಾಲು ತೋರಿಸಲಿ, ವಿಠ್ಠಲನೇನೂ ಬೇಡವೆನ್ನಲಾರ.

ಕಣ್ಣಿನ ಪಾಪೆ ಹಿಗ್ಗಿಸಿ ಹಿಂಪರದೆ ನೋಡುವ ಪರೀಕ್ಷೆ ವರ್ಷಕ್ಕೊಮ್ಮೆ. ಕನ್ನಡಕದ ಅಂಗಡಿಯ ಅಕ್ಷರ ಓದಿಸುವುದು ಅದಕ್ಕೆ ಸಮವಲ್ಲ. ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ವರ್ಷಕ್ಕೊಮ್ಮೆ. ರಕ್ತದೊತ್ತಡ ಆಗಾಗ. ಈ ಅಂಗಗಳು ಕೆಡುವ ಮೊದಲ ಹಂತದಲ್ಲಿ ಏನೂ ಅನಿಸುವುದಿಲ್ಲ. "ನನಗೇನೂ ತ್ರಾಸಿಲ್ಲ" ಎಂಬುದು ಆರೋಗ್ಯದ ಸಾಕ್ಷಿಯಲ್ಲ.

"ನಾವು ಸಣಕಲು, ನಮಗೆಲ್ಲಿ ಬರಬೇಕು ಸಕ್ಕರೆ" ಎನ್ನುವವರು ನಮ್ಮೂರಿನದೇ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರ ಕೆಲಸವನ್ನು ತಿಳಿಯಬೇಕು. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಅವರ ಮತ್ತು ಇಂಗ್ಲೆಂಡಿನ ಅವರ ಮಿತ್ರ ಜಾನ್ ಯಡ್ಕಿನ್ನರ ಚಿತ್ರವನ್ನು ಒಟ್ಟಿಗೆ ಅಚ್ಚು ಹಾಕಿತು. ಎತ್ತರ–ತೂಕದ ಸೂಚ್ಯಂಕ ಇಬ್ಬರದೂ 22.3, ಆದರೆ ಮೈಯ ಕೊಬ್ಬು ಇಂಗ್ಲಿಷರಲ್ಲಿ ಶೇ. 9.1, ಯಾಜ್ಞಿಕರಲ್ಲಿ ಶೇ. 21.2! ಪುಣೆಯ ಸುತ್ತಲ ಹಳ್ಳಿಗಳಲ್ಲಿ 1993ರಿಂದ ನಡೆಸಿದ ಅಧ್ಯಯನದಲ್ಲಿ ಹುಟ್ಟಿದ ಕೂಸುಗಳೂ ಹಾಗೆಯೇ. ತೂಕ ಸರಾಸರಿ 2.7 ಕಿಲೋ, ಇಂಗ್ಲೆಂಡಿನ ಕೂಸು 3.5, ಮೈಯೆಲ್ಲ ಸಣ್ಣದು, ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ಅಂದರೆ ತಕ್ಕಡಿ ನಮ್ಮ ಬಗ್ಗೆ ಪೂರ್ತಿ ನಿಜ ಹೇಳುವುದಿಲ್ಲ. ಗಂಡಸರು 90, ಹೆಂಗಸರು 80 ಸೆಂಟಿಮೀಟರ್ ಸೊಂಟದ ಸುತ್ತಳತೆ ದಾಟದಂತೆ ನೋಡಿಕೊಳ್ಳುವುದು ನಮ್ಮಂಥವರಿಗೆ ಹೆಚ್ಚು ಉಪಯೋಗ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳನ್ನು ಅಂದಾಜು ಮಾಡಿತು, ಅಂಚಿನಲ್ಲಿರುವವರು 13.6 ಕೋಟಿ. ಇಷ್ಟು ಜನರಲ್ಲಿ ನಮ್ಮ ಮನೆಯವರು ಇಲ್ಲವೆನ್ನಲು ಕಾರಣವೇನು?

ಈಗ ಊಟದ ಮಾತು. ಜೋಳದ ರೊಟ್ಟಿಗೆ ಸಕ್ಕರೆ ಏರುವುದಿಲ್ಲವೆಂಬ ನಂಬಿಕೆ ನಮ್ಮ ಕಡೆಯವರಲ್ಲಿ ವೇದವಾಕ್ಯ. ಜೋಳದಲ್ಲೂ ನೂರು ಗ್ರಾಮಿಗೆ ಎಪ್ಪತ್ತು ಗ್ರಾಮಿನ ಆಸುಪಾಸು ಪಿಷ್ಟವೇ. ನಾರು ಇದೆ, ಒಳ್ಳೆಯದು. ಎರಡು ರೊಟ್ಟಿ, ಜೊತೆಗೆ ಬೇಳೆ, ಕಾಳು, ಪಲ್ಯ ಸರಿ. ನಾಲ್ಕು ರೊಟ್ಟಿಯ ಮೇಲೆ ಅನ್ನ ಕಲಸಿದರೆ ಜೋಳ ಏನು ಮಾಡೀತು? ಬೆಲ್ಲವಂತೂ ಬಣ್ಣದ ಸಕ್ಕರೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರೂ ಹೆಂಡತಿಯ ಮುಂದೆ ಇದನ್ನು ಮರೆಯುತ್ತಾರೆ, ನಾವೂ ಮರೆತವರೇ. ಏಕಾದಶಿಯದು ಎರಡು ಬಗೆಯ ಅಪಾಯ. ಸಾಬೂದಾಣಿ ಖಿಚಡಿ ತಿನ್ನುವವರಿಗೆ ಮರಾಠಿಯವರು "ಏಕಾದಶಿ, ದುಪ್ಪಟ್ ಖಾಶಿ" ಎಂದು ತಮಾಷೆ ಮಾಡುವುದುಂಟು. ಅದು ಬರೀ ಪಿಷ್ಟ. ನಿರ್ಜಲ ಮಾಡುವವರು ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಮಾತ್ರ ತಪ್ಪಿಸದೆ ತೆಗೆದುಕೊಳ್ಳುತ್ತಾರೆ; ಸಕ್ಕರೆ 70ರ ಕೆಳಗಿಳಿದು, ಬೆವರಿ, ನಡುಗಿ, ದೇವರ ಮುಂದೆಯೇ ಬಿದ್ದವರುಂಟು. ಉಪವಾಸ ಮಾಡುವುದಾದರೆ ಆ ದಿನದ ಔಷಧಿಯನ್ನು ಡಾಕ್ಟರನ್ನು ಕೇಳಿ ನಿರ್ಧರಿಸಬೇಕು, ಕಿಸೆಯಲ್ಲಿ ಸಕ್ಕರೆಯ ಪೊಟ್ಟಣ ಇರಬೇಕು. ಹೌದು, ಸಕ್ಕರೆ ಕಾಯಿಲೆಯವರ ಕಿಸೆಯಲ್ಲಿಯೇ.

ಇದೇ ಪತ್ರಿಕೆ ಆಗಾಗ ಅಚ್ಚು ಹಾಕುವ ಹಾಗಲಕಾಯಿ ರಸ, ಮಧುನಾಶಿನಿ ಎಲೆಗಳ ಬಗ್ಗೆ ಒಂದೇ ಮಾತು. ಗಿಡಮೂಲಿಕೆಗೆ ನಾವು ವೈರಿಗಳಲ್ಲ. 1957ರಿಂದ ಬಳಕೆಯಲ್ಲಿರುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಯುರೋಪಿನ ಗ್ಯಾಲಿಗಾ ಎಂಬ ಗಿಡದಲ್ಲಿದೆ. ರಸ ಕುಡಿಯುವವರು ಕುಡಿಯಲಿ, ಆದರೆ "ಮಾತ್ರೆ ಬಿಟ್ಟರೂ ನಡೆದೀತು" ಎಂಬ ಸಾಲನ್ನು ಸಂಪಾದಕರು ಕೆಂಪು ಮಸಿಯಿಂದ ಹೊಡೆದುಹಾಕಬೇಕು. ಇನ್ನು ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಳ್ಳುವ ಶಾಕಾಹಾರಿಗಳು ಬಿ-12 ಜೀವಸತ್ವವನ್ನೂ ನೋಡಿಸಿಕೊಳ್ಳಬೇಕು. ಅದರ ಕೊರತೆಯೂ ಕಾಲಿಗೆ ಜೋಮು ತರುತ್ತದೆ.

ಅಸಲು ಜಗಳ ಇರುವುದು ಉಪಚಾರದ ಜೊತೆ. ಧಾರವಾಡಕ್ಕೆ ಹೋದವರು ಪೇಢೆಯ ಪೆಟ್ಟಿಗೆ ತರುತ್ತಾರೆ, ಬೆಳಗಾವಿಯಿಂದ ಬಂದವರು ಕುಂದಾ, ಗೋಕಾಕದಿಂದ ಕರದಂಟು. ಪರಊರಿನಲ್ಲಿರುವ ನಮಗೆ ಅದು ತಿನಿಸಲ್ಲ, ಊರು. ಬೇಡವೆಂದರೆ ಊರನ್ನೇ ಬೇಡವೆಂದ ಹಾಗೆ. "ಒಂದ ತುಣುಕು ತಿಂದ್ರ ಏನಾಗ್ತದರಿ ಕಾಕಾ, ಮನಿ ತುಪ್ಪದ್ದು" ಎಂದು ಬಾಯಿಗೇ ಹಿಡಿಯುವ ವೈನಿಯವರ ಪ್ರೀತಿಯಲ್ಲಿ ನಮಗೆ ಸಂಶಯವಿಲ್ಲ. ಆದರೆ ಆ ಒಂದು ತುಣುಕು ಒಂದು ಮನೆಯದು. ಕೋಥರೂಡದಲ್ಲಿ ನಮಗೆ ಬೇಕಾದ ಮನೆಗಳು ಎಷ್ಟಿವೆ ಎಂದು ಯಾರಾದರೂ ಎಣಿಸಿದ್ದಾರೆಯೇ?

ಒತ್ತಾಯಕ್ಕಿಂತ ಕೆಟ್ಟದ್ದು ಗುಟ್ಟು. ಎಲ್ಲರಿಗೂ ಬಡಿಸಿ ಮೂರು ಗಂಟೆಗೆ ಊಟಕ್ಕೆ ಕೂಡುವ ಹೆಂಗಸು ತನ್ನ ಮಾತ್ರೆಯನ್ನು ಅಕ್ಕಿಯ ಡಬ್ಬಿಯ ಹಿಂದೆ ಇಡುತ್ತಾಳೆ. ಚಿಕ್ಕಂದಿನಿಂದ ಇನ್ಸುಲಿನ್ ಮೇಲಿರುವ ಹುಡುಗಿಗೆ "ವರ ನೋಡ್ಲಿಕ್ಕೆ ಬಂದಾಗ ಬಾಯಿ ಬಿಡಬ್ಯಾಡ" ಎಂದು ತಾಕೀತು. ಅವಳು ಬಚ್ಚಲಮನೆಯ ಚಿಲಕ ಹಾಕಿಕೊಂಡು ಚುಚ್ಚಿಕೊಳ್ಳುತ್ತಾಳೆ. ಮದುವೆಯ ಗದ್ದಲದಲ್ಲಿ ಒಂದು ಹೊತ್ತು ತಪ್ಪುತ್ತದೆ, ಆಮೇಲೆ ಎರಡು. ಅಂಥವರಿಗೆ ಇನ್ಸುಲಿನ್ ತಪ್ಪುವುದು ಪ್ರಾಣಕ್ಕೇ ಅಪಾಯ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟು ಸಾವಿನ ಬಾಯಿಂದ ಎಳೆದರು. ನೂರು ವರ್ಷ ಕಳೆದರೂ ನಮ್ಮಲ್ಲಿ ಅದು ನಾಚಿಕೆಯ ಸಂಗತಿ! ಸಂಘದ ವಧೂವರ ಮೇಳದ ಅರ್ಜಿಯಲ್ಲಿ ಗೋತ್ರಕ್ಕೆ ಜಾಗವಿದೆ, ನಕ್ಷತ್ರಕ್ಕೆ ಜಾಗವಿದೆ. ಆರೋಗ್ಯವನ್ನು ಧೈರ್ಯವಾಗಿ ಹೇಳಿಕೊಳ್ಳುವ ವಾತಾವರಣಕ್ಕೆ ಜಾಗವಿಲ್ಲ.

ನಮಗೆ ಸಿ.ಜಿ.ಎಚ್.ಎಸ್. ಇದೆ, ಮಾತ್ರೆ ಸಿಗುತ್ತದೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ಕಟ್ಟಡಗಳಲ್ಲಿ ದುಡಿಯುವವರು, ಹೋಟೆಲಿನ ಹುಡುಗರು, ಇವರೂ ಕನ್ನಡಿಗರೇ. ಅವರು ಸಂಘದ ಮೆಟ್ಟಿಲು ಹತ್ತಿದ್ದನ್ನು ನಾವು ನೋಡಿಲ್ಲ. ಜನೌಷಧಿ ಅಂಗಡಿಯಲ್ಲಿ ಮೆಟ್‌ಫಾರ್ಮಿನ್ ಅಗ್ಗವಾಗಿ ಸಿಗುತ್ತದೆಂದು ಅವರಿಗೆ ಕನ್ನಡದಲ್ಲಿ ಯಾರು ಹೇಳಬೇಕು?

ಕಾರ್ಯಕಾರಿ ಸಮಿತಿಗೆ ನಮ್ಮ ಬೇಡಿಕೆ ದೊಡ್ಡದಲ್ಲ. ನವೆಂಬರ್ 1ಕ್ಕೆ ರಾಜ್ಯೋತ್ಸವ. 14ಕ್ಕೆ, ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗರ ಹುಟ್ಟುಹಬ್ಬ, ವಿಶ್ವ ಮಧುಮೇಹ ದಿನ. ಈ ಸಲ ಬೆರಳು ಚುಚ್ಚುವ ಮೇಜನ್ನು ತೆಗೆದು ಅದೇ ಖರ್ಚಿನಲ್ಲಿ ಒಬ್ಬ ಡಾಕ್ಟರನ್ನು, ಒಂದು ನೈಲಾನ್ ಎಳೆಯನ್ನು, ಎರಡು ಕುರ್ಚಿಯನ್ನು ಇಡಿರಿ. ಬಂದವರ ಕಾಲು ನೋಡಲಿ. ಸಂಶಯವಿದ್ದವರ ಹೆಸರು ಬರೆದುಕೊಂಡು ಮೂರು ತಿಂಗಳ ಮೇಲೆ ಫೋನು ಮಾಡಿ ಕೇಳಲು ಒಬ್ಬರನ್ನು ನೇಮಿಸಿರಿ. ಯಾರೂ ಸಿಗದಿದ್ದರೆ ಆ ರಿಜಿಸ್ಟರು ಬರೆಯಲು ನಾವು ಸಿದ್ಧ. ಊಟ ಭಾಷಣ ಮುಗಿದ ಮೇಲೆ ಎರಡೂವರೆಗೆ ಅಲ್ಲ, ಹನ್ನೆರಡೂವರೆಗೆ ಬಡಿಸಿರಿ, ಅಧ್ಯಕ್ಷೀಯ ಭಾಷಣ ಊಟದ ನಂತರ ಇಟ್ಟುಕೊಳ್ಳಬಹುದು. ಹೋಳಿಗೆ ಇರಲಿ. ಬಡಿಸುವವರು ಒಮ್ಮೆ ಕೇಳಲಿ, ಬೇಡವೆಂದವರ ಎಲೆಯನ್ನು ದಾಟಿ ಮುಂದೆ ಹೋಗಲಿ.