ಇಬ್ಬರು ವೈದ್ಯರ ನಡುವಿನ ಕೊಂಡಿ

ಇಳಕಲ್ಲಿನ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಅವೆರಡರ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವುದು ಅಲ್ಲಿಯ ನೇಕಾರರ ಜಾಣ್ಮೆ. ನೂಲು ಎಷ್ಟೇ ಉತ್ತಮವಾಗಿರಲಿ, ಕೊಂಡಿ ತಪ್ಪಿದರೆ ಸೀರೆ ಸೀರೆಯಾಗದು. ಕ್ಯಾನ್ಸರ್ ರೋಗವನ್ನು ಪತ್ತೆಮಾಡುವುದೂ ಇಂಥದೇ ಕೆಲಸವೆಂದು ನನ್ನ ಅಭಿಪ್ರಾಯ.

ಹುನಗುಂದ, ಬಾದಾಮಿಗಳ ಹಳ್ಳಿಗಳಲ್ಲಿ ಬಾಯಿಹುಣ್ಣಾದವರು ಸಾಮಾನ್ಯವಾಗಿ ಮೊದಲು ಹೋಗುವುದು ಪರಿಚಿತ ವೈದ್ಯರ ಬಳಿಗೆ. ರೋಗಿಗೆ ತಂಬಾಕು ಅಗಿಯುವ ಚಟವುಂಟೇ, ಹುಣ್ಣು ಎಂದು ತೋರಿತು ಎಂಬುದನ್ನು ಬಲ್ಲವರು ಅವರೇ. ಬಾಯಿಹುಣ್ಣುಗಳಲ್ಲಿ ಬಹುಪಾಲು ತಾವಾಗಿ ಮಾಯುವಂಥವು. ಆದರೆ ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣನ್ನೋ ಬಿಳಿಯ ಇಲ್ಲವೆ ಕೆಂಪು ಮಚ್ಚೆಯನ್ನೋ ಕಂಡಾಗ, ಮುಲಾಮು ಬದಲಿಸುತ್ತ ಕಾಲ ಕಳೆಯದೆ ರೋಗಿಯನ್ನು ತಜ್ಞರಲ್ಲಿಗೆ ಕಳುಹಿಸಬೇಕು. ಶಂಕಿಸುವುದು ಊರಿನ ವೈದ್ಯರ ಕರ್ತವ್ಯ. ಹುಣ್ಣಿನ ಚೂರೊಂದನ್ನು ತೆಗೆದು, ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಿಸಿ ನಿರ್ಣಯಿಸುವುದು ತಜ್ಞರ ಕರ್ತವ್ಯ. ಇವರಲ್ಲಿ ಒಬ್ಬರು ಹಿರಿಯರು, ಇನ್ನೊಬ್ಬರು ಕಿರಿಯರು ಎಂಬ ಭಾವನೆ ಸಲ್ಲದು.

ತೊಡಕಿರುವುದು ಇಬ್ಬರ ನಡುವಣ ದಾರಿಯಲ್ಲಿ. ಬಾಗಲಕೋಟೆಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವಿದೆ. ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ 400 ಕಿ.ಮೀ.ಗೂ ಆಚೆ ಬೆಂಗಳೂರಿನಲ್ಲಿದೆ. ಒಂದು ದಿನ ಊರು ಬಿಟ್ಟರೆ ಕೂಲಿಕಾರನಿಗೆ ಆ ದಿನದ ಕೂಲಿಯಿಲ್ಲ. “ದೊಡ್ಡ ಆಸ್ಪತ್ರೆಗೆ ಹೋಗು” ಎಂಬ ಬಾಯಿಮಾತು ಅಂಥವನನ್ನು ಅಲ್ಲಿಗೆ ಮುಟ್ಟಿಸಲಾರದು. ಯಾರನ್ನು ಕಾಣಬೇಕು, ಶಂಕೆ ಏನು, ಈವರೆಗೆ ಕೊಟ್ಟ ಔಷಧ ಯಾವುದು ಎಂಬುದನ್ನು ತಿಳಿಸುವ ಪತ್ರ ಅವನ ಕೈಯಲ್ಲಿರಬೇಕು. ಅಂತೆಯೇ ತಜ್ಞರ ಉತ್ತರವೂ ಊರಿನ ವೈದ್ಯರಿಗೆ ಮರಳಿ ಬರಬೇಕು. ಉತ್ತರ ಬಾರದಿದ್ದರೆ, ರೋಗಿ ಆಸ್ಪತ್ರೆ ಸೇರಿದನೋ, ಹೆದರಿ ಮನೆಯಲ್ಲೇ ಉಳಿದನೋ, ತಿಳಿಯುವ ಬಗೆ ಯಾವುದು?

ನೂರಾರು ರೋಗಿಗಳನ್ನು ನೋಡುವ ವೈದ್ಯರಿಗೆ ಪತ್ರ ಬರೆಯಲು ಬಿಡುವೆಲ್ಲಿ ಎಂದು ಕೆಲವರು ಕೇಳಬಹುದು. ಬಿಡುವಿಲ್ಲವೆಂಬುದು ನಿಜ. ಆದರೆ ನಾಲ್ಕು ಸಾಲು ಬರೆಯಲು ಬೇಕಾದುದು ಕೆಲವೇ ನಿಮಿಷ. ಆ ಸಾಲುಗಳಿಲ್ಲದೆ ರೋಗಿ ಕಳೆದುಕೊಳ್ಳುವುದು ತಿಂಗಳುಗಳನ್ನು. ಆರಂಭದಲ್ಲೇ ಕಂಡ ಬಾಯಿಯ ಕ್ಯಾನ್ಸರ್ ಬಹುಮಟ್ಟಿಗೆ ಗುಣವಾಗಬಲ್ಲುದು. ಕೊರಳಿನ ಗ್ರಂಥಿಗಳಿಗೆ ಹಬ್ಬಿದ ಮೇಲೆ ಚಿಕಿತ್ಸೆ ಕಠಿನ, ಫಲ ಅನಿಶ್ಚಿತ.

ವಿದ್ಯಾರ್ಥಿಗಳೇ, ಎಷ್ಟೋ ಮನೆಗಳಲ್ಲಿ ವೈದ್ಯರ ಚೀಟಿಯನ್ನು ಓದಬಲ್ಲವರು ನೀವು ಮಾತ್ರ. ಅಜ್ಜಿಯ ಚೀಟಿಯನ್ನು ಜೋಪಾನವಾಗಿಡಿರಿ. ತಜ್ಞರಲ್ಲಿಗೆ ಹೋಗಬೇಕಾದ ದಿನವನ್ನು ನೆನಪಿಸಿರಿ. ಹೋಗಿಬಂದ ಮೇಲೆ ಅವರು ಕೊಟ್ಟ ಉತ್ತರವನ್ನು ಊರಿನ ವೈದ್ಯರಿಗೆ ತಲುಪಿಸಿರಿ. ಜೀವವೊಂದನ್ನು ಉಳಿಸಲು ಇದಿಷ್ಟೇ ಸಾಕಾಗುವ ಸಂದರ್ಭಗಳೂ ಉಂಟು.