ಮೊದಲು ಪ್ಲಗ್, ಆಮೇಲೆ ಸ್ಕ್ರೂಡ್ರೈವರ್

ಸುಳ್ಳದ ಬೋಧನಾಭ್ಯಾಸದಲ್ಲಿ ಹಳೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ ಜೋಡಿಸಿ ತೋರಿಸಲು ಹೋಗಿದ್ದೆ. ಶಟ್‌ಡೌನ್ ಮಾಡಿ ಒಳಗೆ ಕೈಹಾಕಿದಾಗ, ಮದರ್‌ಬೋರ್ಡಿನ ಹಸಿರು ದೀಪ ಇನ್ನೂ ಉರಿಯುತ್ತಿದೆ ಎಂದವಳು ಎಂಟನೆಯ ತರಗತಿಯ ಹುಡುಗಿ. ಪ್ಲಗ್ ಕೀಳುವ ಹಂತವೇ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ! ಶಟ್‌ಡೌನ್ ಆದರೂ ಪವರ್ ಸಪ್ಲೈ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಬಿಎಸ್ಸಿ ಓದಿದ ನನಗೆ ಇದು ಗೊತ್ತಿತ್ತು, ರೂಢಿ ಇರಲಿಲ್ಲ.

ಇಂಥ ಪಾಠವನ್ನು ಚಾರ್ಟಿನಲ್ಲಿ ಮುಗಿಸಬಾರದು. ಬಾಚಣಿಗೆ ಉಜ್ಜಿ ಕಾಗದದ ಚೂರು ಎತ್ತಿದ ಮಕ್ಕಳಿಗೆ, ಅದೇ ಸ್ಥಿರವಿದ್ಯುತ್ತು ಚಿಪ್ಪನ್ನು ಕೆಡಿಸಬಲ್ಲದು, ಅದಕ್ಕೇ ಮೊದಲು ಕೇಸಿನ ಬಣ್ಣವಿಲ್ಲದ ಲೋಹ ಮುಟ್ಟಬೇಕು ಎಂದರೆ ತಕ್ಷಣ ಹಿಡಿಯುತ್ತಾರೆ. ಸಾಟಾ ಕನೆಕ್ಟರಿನೊಳಗಿನ ಎಲ್ ಆಕಾರವನ್ನಂತೂ ಕೈಯಲ್ಲಿ ಹಿಡಿದೇ ನೋಡಬೇಕು. ತಿರುವಿ ಒತ್ತಿದರೆ ಮುರಿಯುತ್ತದೆ.

ನಮ್ಮ ಪಾಠ ವೀಕ್ಷಣಾ ಹಾಳೆಯಲ್ಲಿ ಕಪ್ಪುಹಲಗೆಯ ಬಳಕೆಗೆ ಅಂಕವಿದೆ. ಪ್ರಯೋಗದ ಪಾಠಗಳಿಗಾದರೂ ಸುರಕ್ಷತೆಗೆ ಒಂದು ಸಾಲು ಸೇರಿಸಲಿ.