ಜಾಲತಾಣದ ಹೆಸರು: ಒಂದಕ್ಷರ ತಪ್ಪಿದರೂ ನಷ್ಟ

ದೇಶದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣಗಳನ್ನು 'ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳುವ ವಿಳಾಸಕ್ಕೆ ವರ್ಗಾಯಿಸಬೇಕೆಂದು ರಿಸರ್ವ್ ಬ್ಯಾಂಕ್ ಅದೇ ವರ್ಷದ ಏಪ್ರಿಲ್‌ನಲ್ಲಿ ಸೂಚಿಸಿತ್ತು. ಈ ವಿಳಾಸಗಳನ್ನು ನೋಂದಾಯಿಸುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ. ನಕಲಿ ಜಾಲತಾಣಗಳ ವಂಚನೆಗೆ ಕಡಿವಾಣ ಹಾಕುವುದು ಇದರ ಉದ್ದೇಶ.

ಬ್ಯಾಂಕುಗಳಿಗೇನೋ ಕಾವಲು ದೊರೆಯಿತು. ಇಳಕಲ್ ಸೀರೆ ಮಾರುವವರಿಗೆ, ಚನ್ನಪಟ್ಟಣದ ಗೊಂಬೆ ತಯಾರಕರಿಗೆ, ಕೊಡಗಿನ ಹೋಂಸ್ಟೇ ನಡೆಸುವವರಿಗೆ ಅಂಥ ಕಾವಲಿಲ್ಲ. ಅವರ ಮಟ್ಟಿಗೆ ಮೊದಲ ರಕ್ಷಣೆಯೆಂದರೆ ಅವರೇ ಆರಿಸಿಕೊಳ್ಳುವ ಹೆಸರು. ವಿಪರ್ಯಾಸವೆಂದರೆ, ಅಂಗಡಿಯ ಫಲಕಕ್ಕೆ ತಿಂಗಳುಗಟ್ಟಲೆ ಯೋಚಿಸುವವರು ಡೊಮೈನ್ ಹೆಸರನ್ನು ಐದು ನಿಮಿಷದಲ್ಲಿ ತೀರ್ಮಾನಿಸಿಬಿಡುತ್ತಾರೆ.

ಈ ಉದಾಸೀನದ ಬೆಲೆ ಏನೆಂಬುದಕ್ಕೆ ಬೆಂಗಳೂರಿನಲ್ಲೇ ಆರಂಭವಾದ ಮೊಕದ್ದಮೆಯೊಂದಿದೆ. 'ಸಿಫಿ' ಹೆಸರಿನಲ್ಲಿ ಅಂತರ್ಜಾಲ ಸೇವೆ ನೀಡುತ್ತಿದ್ದ ಸತ್ಯಂ ಇನ್ಫೋವೇ, ರೋಮನ್ ಲಿಪಿಯಲ್ಲಿ 'ಎಫ್' ಅಕ್ಷರವೊಂದನ್ನು ಹೆಚ್ಚಾಗಿ ಸೇರಿಸಿ 'ಸಿಫ್ಫಿನೆಟ್' ಎಂಬ ವಿಳಾಸ ಪಡೆದಿದ್ದ ಸಂಸ್ಥೆಯ ವಿರುದ್ಧ ದಾವೆ ಹೂಡಿತು. ಇದು ತಮ್ಮ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರಗಳಿಂದ ಆದ ಪದ ಎಂಬುದು ಪ್ರತಿವಾದಿಯ ವಾದ. ಸಿಟಿ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ನೀಡಿತು, ಹೈಕೋರ್ಟ್ ಅದನ್ನು ತೆರವುಗೊಳಿಸಿತು. ಕೊನೆಗೆ 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಮತ್ತೆ ಜಾರಿಗೊಳಿಸಿತು. ಡೊಮೈನ್ ಹೆಸರು ಬರಿಯ ವಿಳಾಸವಲ್ಲ, ವಹಿವಾಟಿನ ಗುರುತೂ ಹೌದು. ಟ್ರೇಡ್‌ಮಾರ್ಕ್‌ಗೆ ಸಿಗುವ ರಕ್ಷಣೆ ಅದಕ್ಕೂ ಸಲ್ಲುತ್ತದೆ ಎಂಬುದು ಆ ತೀರ್ಪಿನ ಸಾರ. ಆದ್ದರಿಂದ ಹೆಸರು ಖಾಲಿ ಇದೆಯೇ ಎಂದು ನೋಡಿದರೆ ಸಾಲದು. ಅದೇ ಉಚ್ಚಾರದ ಟ್ರೇಡ್‌ಮಾರ್ಕ್ ಇದೆಯೇ ಎಂಬುದನ್ನೂ ಮೊದಲೇ ಪರಿಶೀಲಿಸಬೇಕು.

ಕನ್ನಡದ ಹೆಸರುಗಳಿಗೆ ಇನ್ನೊಂದು ತೊಡಕಿದೆ. 'ಶ್ರೀ' ಎಂಬ ಒಂದೇ ಅಕ್ಷರವನ್ನು ರೋಮನ್ ಲಿಪಿಯಲ್ಲಿ ಕೆಲವರು ಎಸ್‌ಆರ್‌ಐ ಎಂದೂ, ಕೆಲವರು ಎಸ್‌ಎಚ್‌ಆರ್‌ಐ ಎಂದೂ, ಮತ್ತೆ ಕೆಲವರು ಕೊನೆಯಲ್ಲಿ ಎರಡು 'ಇ' ಇಟ್ಟೂ ಬರೆಯುತ್ತಾರೆ. 'ಲಕ್ಷ್ಮಿ'ಗೆ ಕೆಲವರು 'ಎಕ್ಸ್' ಬಳಸಿದರೆ ಉಳಿದವರು 'ಕೆಎಸ್‌ಎಚ್' ಬಳಸುತ್ತಾರೆ. ಹೀಗಾಗಿ 'ಶ್ರೀಲಕ್ಷ್ಮಿ'ಯನ್ನು ಹುಡುಕಿ ಹೊರಟ ಗ್ರಾಹಕ ಬೇರೆಯವರ ಬಾಗಿಲು ತಟ್ಟುವ ಸಂಭವವೇ ಹೆಚ್ಚು. ಫೋನಿನಲ್ಲಿ ಒಮ್ಮೆ ಹೇಳಿದರೆ, ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡಬಲ್ಲರೇ? ಒಳ್ಳೆಯ ಹೆಸರಿಗೆ ಇದಕ್ಕಿಂತ ಸರಳ ಪರೀಕ್ಷೆ ಬೇರಿಲ್ಲ. ಅಡ್ಡಗೆರೆ, ಅಂಕಿ ಸೇರಿಸಿದ ಹೆಸರುಗಳು ಸೋಲುವುದು ಇಲ್ಲೇ. ಎರಡು ಕಾಗುಣಿತಗಳು ಅನಿವಾರ್ಯವಾದರೆ ಎರಡನ್ನೂ ನೋಂದಾಯಿಸಿ, ಒಂದನ್ನು ಇನ್ನೊಂದಕ್ಕೆ ಜೋಡಿಸುವುದು ಜಾಣತನ.

ಊರಿನ ಹೆಸರು ಸೇರಿಸುವಾಗಲೂ ಎಚ್ಚರ ಬೇಕು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ ಸೇರಿ ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾಯಿತು. ಹಳೆಯ ಕಾಗುಣಿತ ನೆಚ್ಚಿಕೊಂಡವರು ಇಂದಿಗೂ ಎರಡು ದೋಣಿಯಲ್ಲಿ ಕಾಲಿಟ್ಟಿದ್ದಾರೆ. ನಾಳೆ ಹುಬ್ಬಳ್ಳಿಯಲ್ಲಿ ಶಾಖೆ ತೆರೆದರೆ ಹೆಸರಿನಲ್ಲಿರುವ ಊರೇ ಭಾರವಾದೀತು.

ಕೊನೆಯ ಪದ ಯಾವುದಿರಬೇಕು? 'ಡಾಟ್ ಕಾಂ' ಎಲ್ಲರ ಬಾಯಲ್ಲಿದೆ, ಆದರೆ ಚಿಕ್ಕ ಹೆಸರು ಸಿಗುವುದು ಕಷ್ಟ. 2005ರಲ್ಲಿ ಸಾರ್ವಜನಿಕರಿಗೆ ಮುಕ್ತವಾದ 'ಡಾಟ್ ಇನ್' ಸ್ಥಳೀಯ ವಹಿವಾಟಿಗೆ ಧಾರಾಳವಾಗಿ ಸಾಕು. ಇದರ ನಿರ್ವಹಣೆ ನಿಕ್ಸಿ ಸಂಸ್ಥೆಯದು. ವಿವಾದಗಳಿಗೆ ಪ್ರತ್ಯೇಕ ಮಧ್ಯಸ್ಥಿಕೆ ವ್ಯವಸ್ಥೆಯೂ ಇದೆ. ಕನ್ನಡ ಲಿಪಿಯ 'ಡಾಟ್ ಭಾರತ' ಅಭಿಮಾನದ ವಿಷಯವೇ. ಆದರೆ ಅಂಥ ಇ-ಮೇಲ್ ವಿಳಾಸವನ್ನು ಎಲ್ಲ ತಂತ್ರಾಂಶಗಳೂ ಒಪ್ಪದಿರುವುದರಿಂದ ಸದ್ಯಕ್ಕೆ ಅದು ಎರಡನೆಯ ವಿಳಾಸವಾಗಿರುವುದೇ ಕ್ಷೇಮ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಡೊಮೈನ್ ಹೆಸರನ್ನು ಯಾರೂ ಕೊಳ್ಳುವುದಿಲ್ಲ, ಗುತ್ತಿಗೆಗೆ ಪಡೆಯುತ್ತಾರೆ, ಅದೂ ಒಮ್ಮೆಗೆ ಗರಿಷ್ಠ 10 ವರ್ಷಕ್ಕೆ. ಜಾಲತಾಣ ರೂಪಿಸಿಕೊಟ್ಟವರು ತಮ್ಮದೇ ಹೆಸರು, ಇ-ಮೇಲ್ ಕೊಟ್ಟು ನೋಂದಾಯಿಸಿದ್ದರೆ ದಾಖಲೆಯ ಪ್ರಕಾರ ಹಕ್ಕುದಾರರು ಅವರೇ. ನಂಟು ಕೆಟ್ಟ ದಿನ, ಅಥವಾ ನವೀಕರಣ ಮರೆತ ದಿನ, ವರ್ಷಗಳ ಗಳಿಕೆಯ ಹೆಸರು ಪರರ ಪಾಲಾಗಬಹುದು. ನೋಂದಣಿ ಮಾಲೀಕರ ಹೆಸರಿನಲ್ಲೇ ಇರಲಿ, ಪಾಸ್‌ವರ್ಡ್ ಅವರ ಕೈಯಲ್ಲೇ ಇರಲಿ. ಬಾಡಿಗೆ ಕರಾರನ್ನು ನಾಲ್ಕು ಬಾರಿ ಓದಿ ಸಹಿ ಹಾಕುವ ನಮ್ಮ ವ್ಯಾಪಾರಿಗಳು ಈ ಗುತ್ತಿಗೆಯ ಕಾಗದವನ್ನೂ ಇಂದೇ ಒಮ್ಮೆ ತೆಗೆದು ನೋಡುವುದು ಒಳಿತು.